ಓವನ್ ನಿಯಂತ್ರಿತ ಸ್ಫಟಿಕ ಆಂದೋಲಕ

ಓವನ್ ನಿಯಂತ್ರಿತ ಸ್ಫಟಿಕ ಆಂದೋಲಕವು ಕ್ವಾರ್ಟ್ಸ್ ಸ್ಫಟಿಕವನ್ನು ಸುತ್ತಲಿನ ಹವೆಗಿಂತ ಬಿಸಿಯಾದ ಒಂದೇ ತಾಪಮಾನದಲ್ಲಿರಿಸಿ ಅದರ ಆವರ್ತನವನ್ನು ಸ್ಥಿರಗೊಳಿಸುವ ವಿದ್ಯುನ್ಮಾನ ಸಾಧನ. ಮೊಬೈಲ್ ಗೋಪುರಗಳು, ಆವರ್ತನ ಮಾಪಕಗಳು ಹಾಗೂ ಉಪಗ್ರಹ ಭೂಕೇಂದ್ರಗಳಲ್ಲಿ ಇದರ ಬಳಕೆಯಿದೆ.

ಕಾರ್ಯವಿಧಾನ

ಸ್ಫಟಿಕದ ಆವರ್ತನವು ತಾಪಮಾನದೊಂದಿಗೆ ಬದಲಾಗುತ್ತದೆ. ಆದರೆ ಈ ಬದಲಾವಣೆಯ ರೇಖೆಯು ಕೆಲವು ತಾಪಮಾನಗಳಲ್ಲಿ ತಿರುವು ಪಡೆದು ಬಹುತೇಕ ಸಮತಟ್ಟಾಗುತ್ತದೆ. ಎಸ್‌ಸಿ ಕಡಿತದ ಸ್ಫಟಿಕಗಳಲ್ಲಿ ಈ ತಿರುವು ಸಾಮಾನ್ಯವಾಗಿ 80–90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಓವನ್ನಿನ ತಾಪಮಾನವನ್ನು ಅಲ್ಲಿಗೇ ನಿಗದಿಪಡಿಸಲಾಗುತ್ತದೆ. ಥರ್ಮಿಸ್ಟರ್ ಅಳೆಯುವ ತಾಪಮಾನ ಇಳಿದರೆ ಹೀಟರಿಗೆ ವಿದ್ಯುತ್ ಹೆಚ್ಚುತ್ತದೆ, ಏರಿದರೆ ತಗ್ಗುತ್ತದೆ. ಈ ಮಂಡಲವು ಬಿಸಿ ಮಾಡಬಲ್ಲದೇ ಹೊರತು ತಂಪು ಮಾಡಲಾರದು. ಒಳಗಿನ ತಾಪವು ನಿಗದಿತ ಮಟ್ಟವನ್ನು ಮೀರಿದರೆ ಹೀಟರ್ ಪೂರ್ತಿ ಆರಿ, ನಿಯಂತ್ರಣವೇ ತಪ್ಪುತ್ತದೆ.

ಹೀಟ್‌ಸಿಂಕ್‌ನ ಪಾತ್ರ

ಸಾಮಾನ್ಯ ಹೀಟ್‌ಸಿಂಕ್ ಬಿಸಿಯನ್ನು ಹೊರಹಾಕುತ್ತದೆ. ಓವನ್ನಿನೊಳಗಿನ ತಾಮ್ರ ಅಥವಾ ಅಲ್ಯೂಮಿನಿಯಂ ತುಂಡಿನ ಕೆಲಸ ಬೇರೆ: ಹೀಟರಿನ ಶಾಖವನ್ನು ಸ್ಫಟಿಕದ ಸುತ್ತಲೂ ಸಮನಾಗಿ ಹರಡುವುದು. ಅದರ ಹೊರಗೆ ಉಷ್ಣನಿರೋಧಕ ಪದರವಿರುತ್ತದೆ. ತಂಪಾಗಿರಲೆಂದು ಆಂದೋಲಕವನ್ನು ದೊಡ್ಡ ರೆಕ್ಕೆಗಳ ಲೋಹಕ್ಕೆ ಬಿಗಿಯುವುದು ಸಾಮಾನ್ಯವಾಗಿ ಕಾಣುವ ತಪ್ಪು. ಶಾಖವು ಸೋರಿ ಹೀಟರಿನ ಹೊರೆ ಏರುತ್ತದೆ, ಹೊರಗಿನ ಗಾಳಿಯ ಏರಿಳಿತ ಒಳಗಿನವರೆಗೂ ತಲುಪುತ್ತದೆ. ತಂತಿಗಳೂ ಶಾಖವನ್ನು ಒಯ್ಯುವುದರಿಂದ ಅವನ್ನು ತೆಳುವಾಗಿಡಲಾಗುತ್ತದೆ. ರೆಕ್ಕೆಗಳು ಬೇಕಾಗುವುದು ಪಕ್ಕದ ಶಕ್ತಿವರ್ಧಕಕ್ಕೆ.

ಬಯಲುಸೀಮೆಯ ಗೋಪುರಗಳು

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಪೈಕಿ ಪೂರ್ವದ ಅಥಣಿಯ ಕಡೆ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿಯನ್ನು ಸಮೀಪಿಸುತ್ತದೆ. ಬಿಸಿಲಿಗೆ ನಿಂತ ಲೋಹದ ಪೆಟ್ಟಿಗೆಯ ಒಳಗೆ ಇನ್ನೂ ಹೆಚ್ಚು. ಓವನ್ನನ್ನು 50 ಡಿಗ್ರಿಗೆ ನಿಗದಿಪಡಿಸಿದ್ದರೆ ಇಂಥಲ್ಲಿ ಅದು ನಿರುಪಯುಕ್ತ.

ದೊಡ್ಡ ಮೊಬೈಲ್ ಗೋಪುರದ ಆವರ್ತನ ದೋಷ ಕೋಟಿಗೆ ಅರ್ಧ ಭಾಗವನ್ನು, ಅಂದರೆ 10 ಮೆಗಾಹರ್ಟ್ಸ್‌ನಲ್ಲಿ 0.5 ಹರ್ಟ್ಸ್ ಅನ್ನು ಮೀರುವಂತಿಲ್ಲ. ಸಾಮಾನ್ಯವಾಗಿ ಜಿಪಿಎಸ್‌ನಂಥ ಉಪಗ್ರಹ ಸಂಕೇತದಿಂದ ಆಂದೋಲಕವನ್ನು ತಿದ್ದುತ್ತಿರಬಹುದು. ಭಾರತದ ನಾವಿಕ್ ವ್ಯವಸ್ಥೆಯ ಕಾಲಮಾನವನ್ನು ಬೆಂಗಳೂರಿನ ಸಮೀಪದ ಬ್ಯಾಲಾಳುವಿನ ಇಸ್ರೋ ಕೇಂದ್ರದಲ್ಲಿ ಸೀಸಿಯಂ ಮತ್ತು ಹೈಡ್ರೋಜನ್ ಮೇಸರ್ ಗಡಿಯಾರಗಳು ಕಾಯುತ್ತವೆ.

ಆಂಟೆನಾ ಕೆಟ್ಟು ಸಂಕೇತ ನಿಂತರೆ ಗೋಪುರಕ್ಕೆ ಉಳಿಯುವುದು ಓವನ್ ಮಾತ್ರ. ಕಳುಹಿಸಲು ಮತ್ತು ಸ್ವೀಕರಿಸಲು ಒಂದೇ ಆವರ್ತನವನ್ನು ಸರದಿಯಂತೆ ಬಳಸುವ ಜಾಲಗಳಲ್ಲಿ ಪ್ರಮಾಣಿತ ಕಾಲದಿಂದ ಗೋಪುರದ ಅಂತರ 1.5 ಮೈಕ್ರೋಸೆಕೆಂಡಿನೊಳಗಿರಬೇಕು. 24 ಗಂಟೆ ಹಾಗೆ ತಾಳಿಕೊಳ್ಳಬೇಕಾದರೆ ಸರಾಸರಿ ದೋಷ ಲಕ್ಷ ಕೋಟಿಗೆ ಸುಮಾರು 17 ಭಾಗವನ್ನು ದಾಟಬಾರದು. ಹಗಲಿನ ಬಿಸಿಲು, ರಾತ್ರಿಯ ತಂಪು ಎರಡೂ ಆ ಅವಧಿಯಲ್ಲೇ ಬರುವುದರಿಂದ ಕೆಲವು ಸಾಧನಗಳಲ್ಲಿ ಒಂದು ಓವನ್ನನ್ನು ಇನ್ನೊಂದರೊಳಗೆ ಇರಿಸಲಾಗುತ್ತದೆ.