ಚಿತ್ರಸಂಕಲನ ಮತ್ತು ಧ್ವನಿಮಿಶ್ರಣ

ನಾಸಿಕದ ಸಮೀಪದ ತ್ರ್ಯಂಬಕೇಶ್ವರದಲ್ಲಿ 1870ರಲ್ಲಿ ಜನಿಸಿದ ದಾದಾಸಾಹೇಬ್ ಫಾಲ್ಕೆ ಅವರ ‘ರಾಜಾ ಹರಿಶ್ಚಂದ್ರ’ (1913) ಮೂಕಚಿತ್ರವಾಗಿತ್ತು. 1931ರಲ್ಲಿ ‘ಆಲಂ ಆರಾ’ ತೆರೆಕಂಡು ವಾಕ್ಚಿತ್ರಗಳ ಯುಗ ಆರಂಭವಾದುದರಿಂದ, ಮೂಕಚಿತ್ರವಾಗಿಯೇ ಚಿತ್ರೀಕರಣಗೊಂಡಿದ್ದ ಅವರ ‘ಸೇತುಬಂಧನ’ಕ್ಕೆ ಬಳಿಕ ಧ್ವನಿಯನ್ನು ಕೂಡಿಸಬೇಕಾಯಿತು. ಚಿತ್ರ ಮತ್ತು ಧ್ವನಿ ಬೇರೆಬೇರೆಯಾಗಿ ಸಿದ್ಧಗೊಂಡು ಕೊನೆಯಲ್ಲಿ ಒಂದಾಗಬಲ್ಲವು ಎಂಬುದಕ್ಕೆ ಇದೊಂದು ಹಳೆಯ ನಿದರ್ಶನ.

ಗಣಕಯಂತ್ರದ ಸಂಕಲನದಲ್ಲಿಯೂ ತತ್ತ್ವ ಇದೇ. ಛತ್ರಪತಿ ಸಂಭಾಜಿನಗರದ ಬಳಿಯ ಎಲ್ಲೋರದಲ್ಲಿರುವ, ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಕೈಲಾಸ ದೇವಾಲಯವನ್ನು ಕುರಿತು ಕನ್ನಡ ವಿಭಾಗವೊಂದು ಸಾಕ್ಷ್ಯಚಿತ್ರ ತಯಾರಿಸಿತೆಂದು ಭಾವಿಸಬಹುದು. ನಿರೂಪಣೆ, ವಿದ್ವಾಂಸರ ಸಂದರ್ಶನ, ಹಿನ್ನೆಲೆ ಸಂಗೀತ, ಸ್ಥಳದ ಸದ್ದು ಇವು ಪ್ರತ್ಯೇಕ ಧ್ವನಿಪಥಗಳಲ್ಲಿರುತ್ತವೆ. ಸಾಮಾನ್ಯ ರೀತಿಯಲ್ಲಿ ಎಕ್ಸ್‌ಪೋರ್ಟ್ ಮಾಡಿದಾಗ ಇವೆಲ್ಲ ಎಡ ಮತ್ತು ಬಲದ ಎರಡೇ ವಾಹಿನಿಗಳಲ್ಲಿ ಬೆರೆಯುತ್ತವೆ. ಸಂಗೀತವನ್ನು ಮಾತಿಗಿಂತ ತಗ್ಗಿಸುವುದು, ಯಾವ ಪಥವೂ ಅರಿಯದೆ ಮೌನವಾಗಿ ಉಳಿಯದಂತೆ ಪರಿಶೀಲಿಸುವುದು, ಒಟ್ಟು ಮಟ್ಟ ಸೊನ್ನೆ ಡೆಸಿಬೆಲ್ ಮೀರಿ ಧ್ವನಿ ಒಡೆಯದಂತೆ ನೋಡಿಕೊಳ್ಳುವುದು ಅದಕ್ಕೆ ಮೊದಲೇ ಆಗಬೇಕಾದ ಕೆಲಸಗಳು.

ಬೆರೆತ ಧ್ವನಿಗಳನ್ನು ಮೊದಲಿನಂತೆ ಬಿಡಿಸುವುದು ದುಸ್ಸಾಧ್ಯ. ಅದೇ ಚಿತ್ರವನ್ನು ಮರಾಠಿಗೆ ತರಬೇಕಾದರೆ ಕನ್ನಡ ನಿರೂಪಣೆಯಿಲ್ಲದ ಮಿಶ್ರಣವೊಂದು ಬೇಕಾಗುತ್ತದೆ. ವಿದ್ವಾಂಸರ ಮಾತು ಸಂಗೀತದಡಿ ಮುಚ್ಚಿಹೋದರೆ ಅವರ ಉಚ್ಚಾರಣೆಯ ಸೂಕ್ಷ್ಮಗಳು ಭಾಷಾಸಂಶೋಧಕನಿಗೆ ದೊರೆಯಲಾರವು. ಆದುದರಿಂದ ಪ್ರದರ್ಶನಕ್ಕೆ ಎಂಪಿ4 ಪ್ರತಿ ಸಿದ್ಧವಾದ ಮೇಲೂ, ಪ್ರತಿಯೊಂದು ಧ್ವನಿಪಥವನ್ನು 48 ಕಿಲೋಹರ್ಟ್ಸ್‌ನ ವೇವ್ ಕಡತವಾಗಿ, ಎಲ್ಲಕ್ಕೂ ಒಂದೇ ಆರಂಭಬಿಂದುವನ್ನಿಟ್ಟು, ಬೇರೆಯಾಗಿ ಕಾಪಾಡುವುದು ವಿಭಾಗಗಳ ಹೊಣೆಯಾಗಿದೆ.