ಗಿಲಾವಿನ ರೋಗವೂ ಅದರ ಮದ್ದೂ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ನಮ್ಮ ಹಿರಿಯರ ಮಾತು. ಕಟ್ಟಿದ ಮನೆಯನ್ನು ಕಾಪಾಡಿಕೊಂಡು ನೋಡು ಎಂಬ ಮೂರನೆಯ ಮಾತನ್ನೂ ಇದಕ್ಕೆ ಸೇರಿಸಿದರೆ ತಪ್ಪಾಗಲಾರದು. ಏಕೆಂದರೆ ಕಟ್ಟುವ ಕಷ್ಟವು ಒಂದೆರಡು ವರ್ಷಗಳದು. ಕಾಪಾಡುವ ಕಷ್ಟವು ಮನೆ ಇರುವಷ್ಟು ಕಾಲವೂ ಇರುವಂಥದು.

ನಮ್ಮ ಪುಣೆಯ ಪಶ್ಚಿಮಕ್ಕಿರುವ ಹಿಂಜವಾಡಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮುಳಶಿ ತಾಲ್ಲೂಕಿಗೆ ಸೇರಿದ ಈ ಊರು ಕೆಲವು ದಶಕಗಳ ಹಿಂದೆ ಹೊಲಗಳ ನಡುವಿನ ಹಳ್ಳಿಯಾಗಿದ್ದಿತು. ಈಗ ಅಲ್ಲಿ ಕಂಪ್ಯೂಟರ್ ಉದ್ಯಮದ ಕಚೇರಿಗಳೂ ಹತ್ತಾರು ಅಂತಸ್ತಿನ ವಸತಿಗೃಹಗಳೂ ಸಾಲುಸಾಲಾಗಿ ನಿಂತಿವೆ. ಅವುಗಳಲ್ಲಿ ಕನ್ನಡದ ಮನೆಗಳೂ ಉಂಟು. ಸಹ್ಯಾದ್ರಿಗೆ ಸಮೀಪಿಸಿದಷ್ಟೂ ಮಳೆ ಹೆಚ್ಚು. ಜೂನ್ ತಿಂಗಳಿಂದ ಪಡುವಣ ಗಾಳಿಯು ಮಳೆಯನ್ನು ಗೋಡೆಗಳಿಗೆ ನೇರವಾಗಿ ಹೊಡೆಯುವುದು. ಆಗಸ್ಟ್ ಬರುವ ಹೊತ್ತಿಗೆ ಒಳಗಿನ ಗೋಡೆಯ ಮೇಲೆ ಕಂದುಬಣ್ಣದ ಕಲೆ ಮೂಡುವುದು, ಬಣ್ಣ ಉಬ್ಬುವುದು, ಗಿಲಾವು ಹುಡಿಯಾಗಿ ಉದುರುವುದು. ಅಷ್ಟರಲ್ಲಿ ಗಣೇಶನ ಹಬ್ಬ ಬರುತ್ತದೆ. ಹಬ್ಬಕ್ಕೆ ಮನೆ ಅಂದವಾಗಿರಲೆಂದು ಕಲೆಯ ಮೇಲೆ ಬಣ್ಣ ಬಳಿಯುತ್ತಾರೆ. ಮರುವರ್ಷ ಕಲೆಯು ಅದೇ ಜಾಗದಲ್ಲಿ ಮತ್ತಷ್ಟು ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ. ಹೀಗೇಕಾಗುವುದೆಂಬುದನ್ನೂ, ಇದಕ್ಕೆ ತಕ್ಕ ಪರಿಹಾರವೇನೆಂಬುದನ್ನೂ ಈ ಲೇಖನದಲ್ಲಿ ವಿಚಾರಿಸೋಣ.

ಇಟ್ಟಿಗೆಯ ಅಥವಾ ಕಲ್ಲಿನ ಗೋಡೆಯ ಮೇಲೆ ಬಳಿಯುವ ಗಾರೆಯ ಹೊದಿಕೆಯೇ ಗಿಲಾವು. ಸಿಮೆಂಟಿನದಾದರೆ ಒಳಗೋಡೆಯ ಮೇಲೆ ಇದರ ದಪ್ಪ ಸಾಮಾನ್ಯವಾಗಿ 12ರಿಂದ 15 ಮಿಲಿಮೀಟರು. ಛಾವಣಿಯ ಕೆಳಮೈಗೆ ಸುಮಾರು 6 ಮಿಲಿಮೀಟರು. ಗೋಡೆಗೆ ಇದು ಚರ್ಮವಿದ್ದಂತೆ. ಚರ್ಮದ ಮೇಲಿನ ಬೊಕ್ಕೆಯು ಒಳಗಿನ ರೋಗವನ್ನು ಹೇಳುವ ಹಾಗೆ, ಗಿಲಾವಿನ ಮೇಲಿನ ಕಲೆಯೂ ಬಿರುಕೂ ಗೋಡೆಯೊಳಗಿನ ಕೆಡುಕನ್ನು ಹೇಳುವುವು.

ಗಿಲಾವುಗಳಲ್ಲಿ ಮುಖ್ಯವಾದವು ಮೂರು. ಮೊದಲನೆಯದು ಸುಣ್ಣದ್ದು. ಸುಣ್ಣಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟರೆ ಅದರಲ್ಲಿನ ಇಂಗಾಲಾಮ್ಲ ವಾಯು, ಎಂದರೆ ಕಾರ್ಬನ್ ಡೈಆಕ್ಸೈಡು, ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುವುದು. ಅದಕ್ಕೆ ನೀರೆರೆದರೆ ಕುದಿಕುದಿದು ಅರಳುವುದು. ಆ ಸುಣ್ಣಕ್ಕೆ ಮರಳು ಬೆರೆಸಿ, ಗಾಣದಲ್ಲಿ ಅರೆದು ಗೋಡೆಗೆ ಬಳಿದರೆ, ಅದು ಗಾಳಿಯಿಂದ ಅದೇ ಇಂಗಾಲಾಮ್ಲವನ್ನು ಮರಳಿ ಹೀರಿಕೊಂಡು ತಿಂಗಳುಗಟ್ಟಲೆ ಕಾಲದಲ್ಲಿ ಮತ್ತೆ ಕಲ್ಲಾಗುವುದು. ಹಂಪಿಯ ಗೋಪುರಗಳ ಮೇಲಿನ ಗಾರೆಯ ಬೊಂಬೆಗಳೂ, 1656ರಲ್ಲಿ ಮುಗಿದ ವಿಜಯಪುರದ ಗೋಳಗುಮ್ಮಟವೂ ಸುಣ್ಣದ ಗಾರೆಯ ಶಕ್ತಿಗೆ ಸಾಕ್ಷಿಯಾಗಿವೆ. ಪುಣೆಯ ಹಳೆಯ ಪೇಟೆಗಳ ವಾಡೆಗಳಲ್ಲಿಯೂ ಸುಣ್ಣದ ಗಿಲಾವನ್ನು ಕಾಣಬಹುದು.

ಎರಡನೆಯದು ಸಿಮೆಂಟಿನ ಗಿಲಾವು. ಇಂಗ್ಲೆಂಡಿನ ಲೀಡ್ಸ್ ನಗರದ ಜೋಸೆಫ್ ಆಸ್ಪ್‌ಡಿನ್ ಎಂಬಾತನು 1824ರಲ್ಲಿ ಪೋರ್ಟ್‌ಲೆಂಡ್ ಸಿಮೆಂಟಿಗೆ ಸನ್ನದನ್ನು ಪಡೆದನು. ಇದಕ್ಕೂ ಸುಣ್ಣಕಲ್ಲೇ ಆಧಾರ. ನಮ್ಮ ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಪ್ರದೇಶಗಳಲ್ಲಿ ಸಿಮೆಂಟಿನ ಕಾರ್ಖಾನೆಗಳು ಬೆಳೆದುದು ಅಲ್ಲಿನ ಸುಣ್ಣಕಲ್ಲಿನ ಪದರಗಳಿಂದಲೇ. ಸಿಮೆಂಟು ಒಣಗಿ ಗಟ್ಟಿಯಾಗುವುದೆಂದು ಹಲವರು ಎಣಿಸಿದ್ದಾರೆ. ಅದು ಸರಿಯಲ್ಲ, ಅದು ನೀರಿನೊಡನೆ ಕೂಡಿಯೇ ಗಟ್ಟಿಯಾಗುವುದು. ಆದುದರಿಂದಲೇ ಹೊಸ ಗಿಲಾವಿಗೆ ಕನಿಷ್ಠ ಏಳು ದಿನಗಳವರೆಗೆ ನೀರುಣಿಸಬೇಕು.

ಮೂರನೆಯದು ಜಿಪ್ಸಮ್ಮಿನದು. ಜಿಪ್ಸಮ್ ಎಂಬ ಖನಿಜವನ್ನು ಸುಮಾರು 150 ಡಿಗ್ರಿಗೆ ಕಾಯಿಸಿದರೆ ಅದರೊಳಗಿನ ನೀರಿನ ಮುಕ್ಕಾಲು ಪಾಲು ಹೋಗಿ ಬಿಳಿಯ ಪುಡಿಯಾಗುವುದು. ಪ್ಯಾರಿಸ್ ನಗರದ ಬಳಿ ಇದರ ಗಣಿಗಳಿದ್ದುದರಿಂದ ಇದಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂಬ ಹೆಸರು ಬಂದಿತು. ನೀರು ಬೆರೆಸಿದೊಡನೆ ಕೆಲವೇ ನಿಮಿಷಗಳಲ್ಲಿ ಬಿಗಿಯುವುದು, ನುಣುಪೂ ಬಹಳ. ಹೊಸ ವಸತಿಗೃಹಗಳ ಒಳಗೋಡೆಗಳಿಗೂ ಅಲಂಕಾರದ ಛಾವಣಿಗಳಿಗೂ ಇದನ್ನೇ ವಿಶೇಷವಾಗಿ ಬಳಸುತ್ತಾರೆ. ಆದರೆ ನೀರಿನೆದುರು ಇದು ನಿಲ್ಲದು. ಒಂದು ಲೀಟರು ನೀರಿನಲ್ಲಿ ಸುಮಾರು ಎರಡು ಗ್ರಾಂ ಜಿಪ್ಸಮ್ ಕರಗುವುದು. ಕರಗುವ ಮೊದಲೇ ಮೆತ್ತಗಾಗುವುದು. ಆದಕಾರಣ ಬಚ್ಚಲಿಗೂ ಮಳೆ ಹೊಡೆಯುವ ಹೊರಗೋಡೆಗೂ ಇದು ಸಲ್ಲದು.

ಗಿಲಾವಿಗೆ ಬರುವ ರೋಗಗಳಲ್ಲಿ ಬಹುಪಾಲಿಗೆ ನೀರೇ ಮೂಲ. ನೀರಿನ ಬಲವೆಷ್ಟೆಂಬುದನ್ನು ನಮ್ಮ ನಗರವು 1961ರ ಜುಲೈ 12ರಂದು ಕಂಡಿತು. ಅಂದು ಪಾನಶೆತ್ ಅಣೆಕಟ್ಟು ಒಡೆದು, ಖಡಕವಾಸಲೆಯ ಕಟ್ಟೆಯೂ ಬಿರಿದು, ಮುಠಾ ನದಿಯ ನೀರು ಪೇಟೆಗಳಿಗೆ ನುಗ್ಗಿದಾಗ ಹಳೆಯ ಮಣ್ಣಿನ ಗೋಡೆಗಳು ನೆನೆದು ಕುಸಿದುವು. ಅದು ಒಂದೇ ದಿನದ ಮಹಾವಿಪತ್ತು. ಗೋಡೆಯೊಳಗೆ ಹನಿಹನಿಯಾಗಿ ಸೇರುವ ನೀರು ಅದೇ ಬಗೆಯ ಕೆಲಸವನ್ನು ವರ್ಷಗಟ್ಟಲೆ ಸದ್ದಿಲ್ಲದೆ ಮಾಡುತ್ತಿರುವುದು.

ಈ ನೀರು ನಾಲ್ಕು ದಾರಿಗಳಿಂದ ಬರುವುದು. ಯಾವ ದಾರಿಯೆಂಬುದನ್ನು ವಿದ್ಯಾರ್ಥಿಗಳೂ ಗಮನವಿಟ್ಟು ನೋಡಿದರೆ ಕಂಡುಹಿಡಿಯಬಹುದು. ಮಳೆ ಬಂದಾಗ ಕಲೆ ಬೆಳೆದು, ಬೇಸಗೆಯಲ್ಲಿ ಒಣಗಿದರೆ ಹೊರಗೋಡೆಯ ಬಿರುಕಿನಿಂದಲೋ ತಾರಸಿಯಿಂದಲೋ ನೀರು ಬರುತ್ತಿದೆ ಎಂದು ತಿಳಿಯಬೇಕು. ಮಳೆಗಾಲ ಕಳೆದರೂ ಆರದೆ, ಮೇಲಂತಸ್ತಿನ ಬಚ್ಚಲಿನ ಕೆಳಗೇ ಕಲೆಯಿದ್ದರೆ ಕೊಳವೆಯನ್ನೂ ನೆಲಗಲ್ಲುಗಳ ಸಂದುಗಳನ್ನೂ ಶಂಕಿಸಬೇಕು. ನೆಲಮನೆಯಲ್ಲಿ ತಳದಿಂದ ಮೊಣಕಾಲೆತ್ತರದವರೆಗೆ ತೇವವಿದ್ದು ಬಿಳಿಯ ಉಪ್ಪು ಅರಳಿದ್ದರೆ, ದೀಪದ ಬತ್ತಿಯು ಎಣ್ಣೆಯನ್ನು ಏರಿಸುವಂತೆ ಇಟ್ಟಿಗೆಯ ಸೂಕ್ಷ್ಮರಂಧ್ರಗಳು ನೆಲದ ನೀರನ್ನು ಏರಿಸುತ್ತಿವೆ. ನೀರು ಆರಿಹೋದಾಗ ಅದರಲ್ಲಿದ್ದ ಉಪ್ಪು ಹರಳುಗಟ್ಟಿ, ಆ ಹರಳುಗಳ ಒತ್ತಡದಿಂದಲೇ ಗಿಲಾವು ಹುಡಿಯಾಗುವುದು. ನಾಲ್ಕನೆಯದಾಗಿ, ಚಳಿಗಾಲದಲ್ಲಿ ಕಪಾಟಿನ ಹಿಂದೆ ಕಪ್ಪು ಚುಕ್ಕಿಗಳು ಮೂಡಿದರೆ ಕೋಣೆಯ ಗಾಳಿಯಲ್ಲಿನ ಆವಿಯು ತಣ್ಣಗಿನ ಗೋಡೆಯ ಮೇಲೆ ಹನಿಗಟ್ಟಿ ಬೂಷ್ಟು ಬೆಳೆದಿದೆಯೆಂದು ಅರ್ಥ. ಇದಕ್ಕೆ ಕಿಟಕಿ ತೆರೆದು ಗಾಳಿಯಾಡಿಸುವುದೂ ಕಪಾಟನ್ನು ಸ್ವಲ್ಪ ಈಚೆಗೆ ಸರಿಸುವುದೂ ಮೊದಲ ಮದ್ದು.

ಕೊನೆಯ ಎರಡು ಬಗೆಗಳಲ್ಲಿ ಸಂದೇಹವುಂಟಾದರೆ ಒಂದು ಸುಲಭ ಪರೀಕ್ಷೆಯುಂಟು. ಅಂಗೈಯಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕು ಅಂಚುಗಳನ್ನೂ ಪಟ್ಟಿಯಿಂದ ಭದ್ರವಾಗಿ ಅಂಟಿಸಿ ಎರಡು ದಿನ ಬಿಡಿರಿ. ಹಾಳೆಯ ಹೊರಮೈಯಲ್ಲಿ ಹನಿ ಕಂಡರೆ ಅದು ಗಾಳಿಯ ತೇವ. ಒಳಮೈಯಲ್ಲಿ ಕಂಡರೆ ಅದು ಗೋಡೆಯ ತೇವ. ವಸತಿಗೃಹಗಳಲ್ಲಿ ಮೇಲ್ಮನೆಯವರಿಗೂ ಕೆಳಮನೆಯವರಿಗೂ ಇದೇ ವಿಷಯದಲ್ಲಿ ಮನಸ್ತಾಪ ಬರುವುದುಂಟು. ಬಾಯಿಮಾತಿನ ಜಗಳಕ್ಕಿಂತ, ಒಂದೆರಡು ದಿನ ಮೇಲಿನ ಬಚ್ಚಲನ್ನು ಬಳಸದೆ ಬಿಟ್ಟು ಕಲೆಯ ಅಂಚನ್ನು ಪೆನ್ಸಿಲಿನಿಂದ ಗುರುತಿಸಿ ನೋಡುವುದು ಎಷ್ಟೋ ಮೇಲು.

ಬಿರುಕುಗಳಲ್ಲಿಯೂ ಭೇದವುಂಟು. ಜೇಡರ ಬಲೆಯಂತೆ ಹರಡಿದ ಕೂದಲೆಳೆಯ ಬಿರುಕುಗಳು ಗಿಲಾವು ಬೇಗ ಒಣಗಿ ಸಂಕೋಚಿಸಿದುದರಿಂದ ಬಂದವು, ಅವುಗಳಿಂದ ಭಯವಿಲ್ಲ. ಕಾಂಕ್ರೀಟಿನ ಕಂಬವೂ ಇಟ್ಟಿಗೆಯ ಗೋಡೆಯೂ ಸೇರುವ ಕಡೆ ನೇರವಾದ ಬಿರುಕು ಬರುವುದು, ಆ ಎರಡು ವಸ್ತುಗಳೂ ಬಿಸಿಲಿಗೂ ತೇವಕ್ಕೂ ಸಮನಾಗಿ ಹಿಗ್ಗಿ ಕುಗ್ಗದಿರುವುದರಿಂದ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುತ್ತ ದಿನದಿನಕ್ಕೆ ಅಗಲವಾಗುವ ಬಿರುಕು ಮಾತ್ರ ಗಂಭೀರವಾದುದು. ಬಿರುಕಿನ ಎರಡು ತುದಿಗಳಲ್ಲಿಯೂ ಗೆರೆ ಎಳೆದು ತಾರೀಖನ್ನು ಬರೆದಿಡಿರಿ. ಬಿರುಕು ಗೆರೆಯನ್ನು ದಾಟಿದರೆ ಇಂಜಿನಿಯರರನ್ನು ಕರೆಯಿಸಬೇಕು.

ಇನ್ನು ದುರಸ್ತಿಯ ಕ್ರಮವನ್ನು ನೋಡೋಣ. ನೀರಿನ ದಾರಿಯನ್ನು ಮುಚ್ಚುವುದೇ ಮೊದಲ ಕೆಲಸ. ತಾರಸಿಯ ನೀರು ಹೋಗುವ ತೂಬಿನಲ್ಲಿ ಎಲೆ ಕಸ ಸೇರದಂತೆ ಮಳೆಗಾಲಕ್ಕೆ ಮುಂಚೆ ತೆಗೆಯಬೇಕು. ಹೊರಗೋಡೆಯ ಬಿರುಕುಗಳನ್ನು ಹೊರಗಿನಿಂದಲೇ ತುಂಬಬೇಕು. ಸೋರುವ ಕೊಳವೆಯನ್ನು ಬದಲಿಸಬೇಕು. ಎರಡನೆಯದು, ಗೋಡೆ ಒಣಗುವವರೆಗೆ ಕಾಯುವುದು. ಗಣೇಶನ ಹಬ್ಬಕ್ಕೆ ಬಳಿದ ಬಣ್ಣ ಏಕೆ ನಿಲ್ಲುವುದಿಲ್ಲವೆಂಬುದು ಇಲ್ಲಿ ತಿಳಿಯುವುದು: ಒದ್ದೆ ಗೋಡೆಯ ಮೇಲೆ ಬಣ್ಣದ ಪೊರೆ ಬಿಗಿದರೆ ಒಳಗಿನ ನೀರಿಗೆ ಹೊರಬರಲು ದಾರಿಯಿಲ್ಲದೆ ಅದು ಪೊರೆಯನ್ನೇ ಎಬ್ಬಿಸುವುದು. ಮಳೆ ನಿಂತು ಬಿಸಿಲು ಕಾಯುವ ದೀಪಾವಳಿಯ ಬಳಿಕದ ಕಾಲವೇ ಈ ಕೆಲಸಕ್ಕೆ ಪ್ರಶಸ್ತವಾದುದು.

ಮೂರನೆಯದಾಗಿ, ಕೆಟ್ಟ ಗಿಲಾವನ್ನು ತೆಗೆಯಬೇಕು. ಕರಣೆಯ ಮರದ ಹಿಡಿಯಿಂದ ಗೋಡೆಯನ್ನು ಮೆಲ್ಲಗೆ ತಟ್ಟುತ್ತ ಬಂದರೆ ಗಟ್ಟಿಯಾದ ಕಡೆ ಒಂದು ಸದ್ದು, ಗೋಡೆಯನ್ನು ಬಿಟ್ಟು ನಿಂತ ಕಡೆ ಟೊಳ್ಳು ಸದ್ದು ಕೇಳಿಸುವುದು. ಟೊಳ್ಳಾದುದೆಲ್ಲವನ್ನೂ ಉಳಿಯಿಂದ ಕೆತ್ತಿ, ಇಟ್ಟಿಗೆಯ ಸಂದುಗಳನ್ನು ಕೆರೆದು, ಹುಡಿಯನ್ನು ಕುಂಚದಿಂದ ಗುಡಿಸಬೇಕು. ಬಳಿಕ ಇಟ್ಟಿಗೆಗೆ ನೀರು ಚಿಮುಕಿಸಬೇಕು. ಇಲ್ಲವಾದರೆ ಒಣ ಇಟ್ಟಿಗೆಯು ಗಾರೆಯ ನೀರನ್ನು ಹೀರಿ ಅದನ್ನು ಬಲಹೀನವಾಗಿಸುವುದು. ಕಂಬ ಗೋಡೆಗಳ ಸಂಧಿಯಲ್ಲಿ, ಎರಡೂ ಬದಿಗೆ ನಾಲ್ಕು ಬೆರಳಿಗೆ ಕಡಮೆಯಿಲ್ಲದಂತೆ ತಂತಿಯ ಬಲೆಯನ್ನು ಹೊಡೆಯಬೇಕು.

ಇಟ್ಟಿಗೆಯ ಗೋಡೆಗೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು, ಛಾವಣಿಗೆ ಮೂರು ಅಥವಾ ನಾಲ್ಕು ಪಾಲು ಮರಳು ರೂಢಿಯ ಅಳತೆ. ಮರಳು ಮಣ್ಣಿಲ್ಲದುದಾಗಿರಬೇಕು. ಗಾಜಿನ ಬಾಟಲಿಯಲ್ಲಿ ಮರಳನ್ನೂ ನೀರನ್ನೂ ಹಾಕಿ ಕುಲುಕಿ ಇಟ್ಟರೆ ಮರಳು ತಳಕ್ಕಿಳಿದು, ಮಣ್ಣು ಅದರ ಮೇಲೆ ಬೇರೆ ಪದರವಾಗಿ ಕೂರುವುದು. ಆ ಪದರವು ನೂರಕ್ಕೆ ಎಂಟು ಪಾಲನ್ನು ಮೀರಿದರೆ ಅಂಥ ಮರಳು ಬೇಡ. ಕಲಸಿದ ಗಾರೆಯನ್ನು ಅರ್ಧ ಗಂಟೆಯೊಳಗೆ ಬಳಸಿಬಿಡಬೇಕು. ಗುಳಿ ಆಳವಾಗಿದ್ದರೆ ಒಂದೇ ಸಲ ತುಂಬದೆ, ಮೊದಲ ಲೇಪವನ್ನು ಗೀರುಮಾಡಿ ಬಿಟ್ಟು ಮರುದಿನ ಎರಡನೆಯದನ್ನು ಬಳಿಯಬೇಕು. ಹಳೆಯ ಸುಣ್ಣದ ಅಥವಾ ಮಣ್ಣಿನ ಗೋಡೆಗೆ ಸಿಮೆಂಟಿನ ತೇಪೆ ಹಾಕಬಾರದು. ಅಂಥ ಗೋಡೆಯು ಉಸಿರಾಡುವಂತೆ ತೇವವನ್ನು ಹೊರಬಿಡುವುದು. ಬಿಗಿಯಾದ ಸಿಮೆಂಟು ಆ ತೇವವನ್ನು ಒಳಗೇ ತಡೆದು ಸುತ್ತಲಿನ ಗೋಡೆಯನ್ನು ಕೆಡಿಸುವುದು. ಸುಣ್ಣಕ್ಕೆ ಸುಣ್ಣವೇ ತಕ್ಕ ಜೋಡಿ. ತೇವವುಳ್ಳ ಸಿಮೆಂಟಿನ ಗೋಡೆಗೆ ಜಿಪ್ಸಮ್ಮಿನ ತೇಪೆಯೂ ಸಲ್ಲದು. ನೀರಿನ ಸಾನ್ನಿಧ್ಯದಲ್ಲಿ ಇವೆರಡೂ ಕೂಡಿ ಉಬ್ಬುವ ಹೊಸ ವಸ್ತುವೊಂದು ಹುಟ್ಟಿ ತೇಪೆಯನ್ನು ತಳ್ಳಿಹಾಕುವುದು.

ಛಾವಣಿಯ ವಿಷಯದಲ್ಲಿ ಎಚ್ಚರಿಕೆ ಇಮ್ಮಡಿಯಾಗಿರಬೇಕು. ಗೋಡೆಯ ಗಿಲಾವು ಜಾರಿ ನೆಲಕ್ಕೆ ಬೀಳುವುದು. ಛಾವಣಿಯದು ನೇರವಾಗಿ ಮಲಗಿದವರ ತಲೆಯ ಮೇಲೆ ಬೀಳುವುದು. ಅಲ್ಲಿ ತುಕ್ಕಿನ ಬಣ್ಣದ ಗೆರೆ ಕಂಡರೆ ಒಳಗಿನ ಕಬ್ಬಿಣದ ಸರಳು ಕೆಡುತ್ತಿದೆಯೆಂದು ತಿಳಿಯಬೇಕು. ಕಾಂಕ್ರೀಟಿನಲ್ಲಿನ ಕ್ಷಾರಗುಣವು ಸರಳಿಗೆ ಕಾವಲಾಗಿರುವುದು. ಗಾಳಿಯ ಇಂಗಾಲಾಮ್ಲವು ಬಿರುಕುಗಳ ಮೂಲಕ ಒಳಹೊಕ್ಕು ಆ ಕ್ಷಾರವನ್ನು ಕಳೆಯುವುದು. ಸುಣ್ಣದ ಗಿಲಾವನ್ನು ಕಲ್ಲಾಗಿಸುವ ವಾಯುವೇ ಇಲ್ಲಿ ಕಬ್ಬಿಣದ ಕಾವಲನ್ನು ಕೆಡಿಸುವುದು ಸೋಜಿಗವಲ್ಲವೇ! ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟು ಒಳಗಿನಿಂದಲೇ ಸಿಡಿಯುವುದು. ಇಂಥ ಛಾವಣಿಗೆ ಗಿಲಾವು ಮೆತ್ತಿ ಮರೆಮಾಡುವುದೆಂದರೆ ಅಪಾಯವನ್ನು ಮನೆಯಲ್ಲೇ ಬೆಳೆಸಿದಂತೆ. ಅದರ ಕೆಳಗಿನ ಹಾಸಿಗೆಯನ್ನು ಅಂದೇ ಸರಿಸಿ, ಇಂಜಿನಿಯರರಿಗೆ ತೋರಿಸಬೇಕು. ವಿದ್ಯುತ್ತಿನ ಗುಂಡಿಯ ಬಳಿ ತೇವವಿದ್ದರೆ ಅದನ್ನು ಮುಟ್ಟದೆ ಹಿರಿಯರಿಗೆ ತಿಳಿಸಿ ಮುಖ್ಯ ಸ್ವಿಚ್ಚನ್ನು ಆರಿಸಬೇಕು. ಸುಣ್ಣವಾಗಲಿ ಸಿಮೆಂಟಾಗಲಿ ಕಣ್ಣಿಗೆ ಬಿದ್ದರೆ ಉಜ್ಜದೆ, ಧಾರಾಳವಾದ ನೀರಿನಿಂದ ಬಹಳ ಹೊತ್ತು ತೊಳೆದು ವೈದ್ಯರ ಬಳಿಗೆ ಹೋಗಬೇಕು.

ಈ ಕೆಲಸವನ್ನು ಬಲ್ಲವರು ನಮಗೆ ದೂರದವರಲ್ಲ. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದ ಕುಟುಂಬಗಳು ಅನೇಕ. ಉತ್ತರ ಕರ್ನಾಟಕದಲ್ಲಿ ಗೌಂಡಿಯೆಂದು ಕರೆಯುವವನನ್ನು ಇಲ್ಲಿನ ಮರಾಠಿಯಲ್ಲಿ ಗವಂಡಿ ಎನ್ನುವರು. ನಮ್ಮ ತೂಗುಗುಂಡು ಅವರಿಗೆ ಓಳಂಬಾ, ನಮ್ಮ ಕರಣೆ ಅವರಿಗೆ ಥಾಪಿ. ಒಂದೇ ಗೋಡೆಯ ಮೇಲೆ ಎರಡು ಭಾಷೆಗಳ ಕೈಗಳು ಕೂಡಿ ದುಡಿಯುತ್ತವೆ. ಎತ್ತರದ ಮನೆಗಳನ್ನು ಕಟ್ಟಿದ ಈ ಜನರಲ್ಲಿ ಎಷ್ಟೋ ಮಂದಿ ತಾವು ತಗಡಿನ ಸೂರಿನಡಿಯಲ್ಲಿ ಮಳೆಗಾಲವನ್ನು ಕಳೆಯುತ್ತಾರೆಂಬುದನ್ನು ನಾವು ಮರೆಯಬಾರದು. ದುರಸ್ತಿಗೆ ಬಂದವರು ಗಾರೆಯನ್ನು ಎಷ್ಟು ತೆಳುವಾಗಿ ಎಸೆಯುತ್ತಾರೆ, ಮಟ್ಟಗೋಲನ್ನು ಹೇಗೆ ಎಳೆಯುತ್ತಾರೆ ಎಂಬುದನ್ನು ನಿಂತು ನೋಡಿದರೆ, ಪುಸ್ತಕದಲ್ಲಿ ಸಿಗದ ವಿದ್ಯೆಯು ನಮಗೆ ದೊರೆಯುವುದು.

ಗೋಡೆಯ ಮೇಲೆ ಕಲೆ ಮೂಡಿದಾಗ ಬಣ್ಣದ ಡಬ್ಬಿಗೆ ಕೈಹಾಕುವ ಮುಂಚೆ, ಈ ನೀರು ಎಲ್ಲಿಂದ ಬಂದಿತೆಂದು ಕೇಳುವ ಅಭ್ಯಾಸವನ್ನು ಮಾಡಿಕೊಳ್ಳೋಣ. ಹಾಗೆ ಕೇಳಿ, ಕಾರಣವನ್ನು ತಿಳಿದು ಮಾಡಿದ ದುರಸ್ತಿಯೇ ಬಾಳುವುದು. ಮನೆಮಂದಿಯೂ ಆ ಸೂರಿನ ಕೆಳಗೆ ನಿಶ್ಚಿಂತರಾಗಿ ನಿದ್ರಿಸುವರು.