ಒಂದಂಕಿಯೂ ಇಲ್ಲದ ಸುಡೊಕು

2020ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಸೈಮನ್ ಆಂಥನಿ ‘ಕ್ರ್ಯಾಕಿಂಗ್ ದಿ ಕ್ರಿಪ್ಟಿಕ್’ ಎಂಬ ಯೂಟ್ಯೂಬ್ ವಾಹಿನಿಯಲ್ಲಿ ಒಂದು ಸುಡೊಕು ಬಿಡಿಸಲು ಕೂತರು. 81 ಮನೆಗಳಲ್ಲಿ ತುಂಬಿದ್ದವು ಎರಡೇ: ಒಂದು ಕಡೆ 1, ಇನ್ನೊಂದು ಕಡೆ 2. ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದೇ ಅವರು ಮೊದಲು ಅಂದುಕೊಂಡರು. ಆದರೆ ಅರ್ಧ ಗಂಟೆ ಮುಗಿಯುವುದರೊಳಗೆ ಉಳಿದ 79 ಮನೆಗಳೂ ತುಂಬಿದ್ದವು, ಒಂದನ್ನೂ ಊಹೆಯಿಂದ ತುಂಬಿರಲಿಲ್ಲ. ಮಿಚೆಲ್ ಲೀ ರಚಿಸಿದ ಆ ಒಗಟು ‘ಪವಾಡ ಸುಡೊಕು’ ಎಂದೇ ಹೆಸರಾಯಿತು.

ಪವಾಡ ಎನ್ನಲು ಕಾರಣವಿದೆ. ಪತ್ರಿಕೆಗಳಲ್ಲಿ ದಿನವೂ ಬರುವ ಸಾಮಾನ್ಯ ಸುಡೊಕುವಿಗೆ ಒಂದೇ ಉತ್ತರ ಇರಬೇಕಾದರೆ ಕನಿಷ್ಠ 17 ಸುಳಿವುಗಳು ಬೇಕು. ಡಬ್ಲಿನ್‌ನ ಗಣಿತಜ್ಞ ಗ್ಯಾರಿ ಮೆಕ್‌ಗ್ವೈರ್ ಮತ್ತು ಸಂಗಡಿಗರು ಸೂಪರ್ ಕಂಪ್ಯೂಟರಿನಲ್ಲಿ ಜಾಲಾಡಿ, 16 ಸುಳಿವಿನ ಒಗಟು ಇಲ್ಲವೇ ಇಲ್ಲ ಎಂದು 2012ರಲ್ಲಿ ತೋರಿಸಿಕೊಟ್ಟರು. ಅಷ್ಟು ದೊಡ್ಡ ಯಂತ್ರವಿಲ್ಲದೆ ನಾವೂ ಒಂದು ಸಣ್ಣ ಮಿತಿಯನ್ನು ಕಂಡುಕೊಳ್ಳಬಹುದು. ಸುಳಿವುಗಳಲ್ಲಿ 3 ಮತ್ತು 7 ಎರಡೂ ಎಲ್ಲೂ ಕಾಣಿಸಿಕೊಂಡಿಲ್ಲ ಎಂದುಕೊಳ್ಳಿ. ಹೇಗೋ ಬಿಡಿಸಿದಿರಿ. ಆ ಉತ್ತರದಲ್ಲಿ 3 ಇರುವಲ್ಲೆಲ್ಲ 7 ಬರೆದು, 7 ಇರುವಲ್ಲೆಲ್ಲ 3 ಬರೆದರೆ ಅದೂ ಸರಿಯಾದ ಉತ್ತರವೇ. ಉತ್ತರ ಎರಡಾದ ಮೇಲೆ ಒಗಟು ಕೆಟ್ಟಿತು. ಹಾಗಾಗಿ ಒಂಬತ್ತರಲ್ಲಿ ಎಂಟು ಬಗೆಯ ಅಂಕಿಗಳಾದರೂ ಸುಳಿವಿನಲ್ಲಿ ಇರಲೇಬೇಕು. ಲೀ ಕೊಟ್ಟಿದ್ದು ಎರಡೇ ಬಗೆ!

ಈ ಅದಲುಬದಲು ಏಕೆ ಸಾಧ್ಯವಾಗುತ್ತದೆ? ಸಾಮಾನ್ಯ ಸುಡೊಕುವಿನಲ್ಲಿ ಲೆಕ್ಕವೇ ಇಲ್ಲದಿರುವುದರಿಂದ. ಅಲ್ಲಿ 7 ಎನ್ನುವುದು 6ಕ್ಕಿಂತ ದೊಡ್ಡದೇನಲ್ಲ. ಅದು ಬರೀ ಹೆಸರು. ಒಂಬತ್ತು ಅಕ್ಷರ ಹಾಕಿದರೂ ಆಟ ನಡೆಯುತ್ತದೆ. ಲೀ ಮಾತ್ರ ಮೂರು ಹೆಚ್ಚಿನ ನಿಯಮ ಹಾಕಿದ್ದರು. ಚದುರಂಗದ ಕುದುರೆ ಒಂದು ನೆಗೆತಕ್ಕೆ ತಲುಪುವ ಮನೆಗಳಲ್ಲಿ ಒಂದೇ ಅಂಕಿ ಇರಬಾರದು. ರಾಜ ಒಂದು ಹೆಜ್ಜೆಗೆ ತಲುಪುವ ಮನೆಗಳಲ್ಲೂ ಇರಬಾರದು. ಪಕ್ಕದಲ್ಲಾಗಲಿ ಮೇಲೆ ಕೆಳಗಾಗಲಿ ತಾಗಿರುವ ಎರಡು ಮನೆಗಳಲ್ಲಿ 4–5, 7–8ರಂತೆ ಅನುಕ್ರಮದ ಅಂಕಿಗಳು ಬರಬಾರದು. ಮೊದಲೆರಡು ಸ್ಥಾನದ ನಿಯಮಗಳು, ಅಂಕಿ ಇನ್ನೂ ಹೆಸರಾಗಿಯೇ ಇರುತ್ತದೆ. ಮೂರನೆಯದು ಬಂದೊಡನೆ ಹೆಸರಿಗೆ ಬೆಲೆ ಬರುತ್ತದೆ. ಇನ್ನು 3 ಮತ್ತು 7 ಮನಬಂದಂತೆ ಜಾಗ ಬದಲಿಸಲಾರವು, ಏಕೆಂದರೆ 7ರ ಪಕ್ಕ 4 ಕೂರಬಹುದು, 3ರ ಪಕ್ಕ ಕೂರುವಂತಿಲ್ಲ.

ಹೊಸ ಬಗೆಯ ಸುಡೊಕು ಬಿಡಿಸುವವರೂ ರಚಿಸುವವರೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನಿಯಮ ಸ್ಥಾನದ್ದೋ, ಬೆಲೆಯದ್ದೋ? ಪೆನ್ಸಿಲು ಹಿಡಿದು ನಾಲ್ಕು ಸಾಲಿನ ಪುಟ್ಟ ಪಟದ ಮೇಲೆ ನೋಡಿಬಿಡೋಣ. ಒಟ್ಟು 16 ಮನೆ, 1ರಿಂದ 4ರ ಅಂಕಿಗಳು, ನಾಲ್ಕು ಮನೆಗೊಂದರಂತೆ ನಾಲ್ಕು ಚೌಕ. ಮೇಲಿನ ಸಾಲಿನಲ್ಲಿ 1 2 3 4 ಬರೆಯಿರಿ. ಕುದುರೆ ನಿಯಮವೊಂದೇ ಸಾಕು.

ಎರಡನೇ ಸಾಲಿನ ಬಲಗಡೆಯ ಎರಡು ಮನೆಗಳಿಗೆ ಚೌಕದ ಪ್ರಕಾರ 1 ಮತ್ತು 2 ಬೇಕು. ಮೇಲಿನ ಮೂಲೆಯ 1ರಿಂದ ಕುದುರೆ ನೆಗೆದರೆ ಎರಡನೇ ಸಾಲಿನ ಮೂರನೇ ಮನೆಗೆ ಬೀಳುತ್ತದೆ. ಅಲ್ಲಿ 1 ಕೂಡದು; 2 ಬರಬೇಕು, 1 ಕೊನೆಗೆ ಸರಿಯಬೇಕು. ಇದೇ ರೀತಿ 4ರಿಂದ ನೆಗೆದರೆ ಎಡಗಡೆಯ ಜೋಡಿಯೂ ತೀರ್ಮಾನವಾಗುತ್ತದೆ. ಮೂರನೇ ಸಾಲಿನ ಮೊದಲ ಮನೆಗೆ ಕಂಬಸಾಲಿನ ಪ್ರಕಾರ ಉಳಿದಿರುವುದು 2 ಅಥವಾ 3; ಮೇಲಿನ 2ರಿಂದ ಕುದುರೆ ಅಲ್ಲಿಗೆ ಬರುವುದರಿಂದ 3. ಹೀಗೆಯೇ ಹೋದರೆ:

1 2 3 4
4 3 2 1
3 4 1 2
2 1 4 3

ಬೇರೆ ಉತ್ತರ ಇಲ್ಲ. ಮೊದಲ ಮೂರು ಅಂಕಿ ಕೊಟ್ಟರೆ ನಾಲ್ಕನೆಯದು ತಾನಾಗಿ ಬರುತ್ತದೆ, ಆದ್ದರಿಂದ ಸುಳಿವು ಮೂರೇ ಸಾಕು. ಅದಕ್ಕಿಂತ ಇಳಿಸಲಾಗದು; ಅಂಕಿಗಳು ಇಲ್ಲಿ ಇನ್ನೂ ಹೆಸರುಗಳೇ.

ಈಗ ಬೆಲೆಯ ನಿಯಮವೊಂದನ್ನು ತನ್ನಿ. ‘ಥರ್ಮಾಮೀಟರ್’ ಸುಡೊಕುವಿನಲ್ಲಿ ಬುರುಡೆಯ ತುದಿಯಿಂದ ಮೇಲೇರುತ್ತ ಅಂಕಿಗಳು ದೊಡ್ಡದಾಗುತ್ತಲೇ ಹೋಗಬೇಕು. ಮೂರು ಸುಳಿವನ್ನೂ ಅಳಿಸಿ, ಮೇಲಿನ ಸಾಲಿನುದ್ದಕ್ಕೂ ಒಂದು ಥರ್ಮಾಮೀಟರ್ ಎಳೆಯಿರಿ, ಬುರುಡೆ ಎಡಕ್ಕಿರಲಿ. ನಾಲ್ಕು ಮನೆ, ನಾಲ್ಕು ಅಂಕಿ, ಏರಿಕೆಯ ಕ್ರಮ: 1 2 3 4 ಬಿಟ್ಟು ಬೇರೆ ದಾರಿಯಿಲ್ಲ. ಒಂದಂಕಿಯೂ ಇಲ್ಲದ, ಒಂದೇ ಉತ್ತರದ ಸುಡೊಕು ತಯಾರು. ಮನೆಯ ಮಕ್ಕಳ ಮುಂದಿಡಲು ಹೇಳಿಮಾಡಿಸಿದ್ದು.

ಇದೇ ಪಟದಲ್ಲಿ ರಾಜ ನಿಯಮ ಹಾಕಿದರೆ? ಮೇಲಿನ ಸಾಲು ಹಾಗೇ ಇರಲಿ. ಮೂಲೆಗೆ ಮೂಲೆ ತಾಗುವ ಮನೆಗಳಲ್ಲಿ ಒಂದೇ ಅಂಕಿ ಕೂಡದಾದ್ದರಿಂದ ಎರಡನೇ ಸಾಲು 3 4 1 2 ಆಗಲೇಬೇಕು. ಮೂರನೇ ಸಾಲಿನ ಮೂರನೇ ಮನೆಗೆ ಉಳಿಯುವುದು 2 ಅಥವಾ 4. ಅದರ ಎಡಮೇಲಿನ ಮೂಲೆಯಲ್ಲಿ 4, ಬಲಮೇಲಿನ ಮೂಲೆಯಲ್ಲಿ 2 ಕೂತಿವೆ. ಮುಗಿಯಿತು, ಉತ್ತರವೇ ಇಲ್ಲ. ಅನುಕ್ರಮ ನಿಷೇಧವೂ ಅಷ್ಟೆ: ಚೌಕದೊಳಗೆ 2ಕ್ಕೆ ತಾಗುವ ಎರಡು ಮನೆಗಳಿವೆ, 1 ಮತ್ತು 3 ಕೂಡದು, ಉಳಿದಿರುವುದು ಒಂದೇ 4. ಒಂಬತ್ತು ಸಾಲಿನ ಪಟದಲ್ಲಿ ಇದೇ ನಿಯಮಗಳಿಗೆ ಉಸಿರಾಡಲು ಜಾಗವಿದೆ. ನಿಯಮ ಎಷ್ಟು ಬಿಗಿ ಎನ್ನುವುದು ಪಟದ ಅಳತೆಯ ಮೇಲೆ ನಿಂತಿದೆ. ಸ್ವಾರಸ್ಯ ಹೆಚ್ಚಲಿ ಎಂದು ನಾಲ್ಕಾರು ನಿಯಮ ಒಟ್ಟಿಗೆ ತುರುಕುವ ಹೊಸ ರಚನೆಕಾರರು ಎಡವುವುದು ಇಲ್ಲೇ. ಒಂದೇ ನಿಯಮ ಹಾಕಿ, ಮೊದಲ ಅಂಕಿ ಎರಡು ನಿಮಿಷದಲ್ಲಿ ಸಿಗುವಂತೆ ಮಾಡುವುದೇ ನನ್ನ ಮಟ್ಟಿಗೆ ಹೆಚ್ಚಿನ ಕಲೆ.

ಆ ಕಲೆಯನ್ನು ನೋಡಬೇಕೆಂದರೆ ‘ಜರ್ಮನ್ ವಿಸ್ಪರ್ಸ್’ ಎಂಬ ಬಗೆಯನ್ನು ಹುಡುಕಿ. ಪಟದ ಮೇಲೆ ಒಂದು ಗೆರೆ, ಸಾಮಾನ್ಯವಾಗಿ ಹಸಿರು. ಗೆರೆಯ ಮೇಲೆ ಅಕ್ಕಪಕ್ಕದ ಅಂಕಿಗಳ ನಡುವೆ ಕನಿಷ್ಠ 5ರ ಅಂತರವಿರಬೇಕು, ಅಷ್ಟೇ ನಿಯಮ. ಆದರೆ ಅದರ ಹೊಟ್ಟೆಯೊಳಗೆ ಏನೆಲ್ಲ ಇದೆ ನೋಡಿ. ಗೆರೆಯ ಮೇಲೆ 5 ಬರುವುದೇ ಇಲ್ಲ. ಅದಕ್ಕೆ ಜೊತೆಯಾಗಲು 0 ಅಥವಾ 10 ಬೇಕಾಗುತ್ತದೆ. ಉಳಿದವು ಒಂದು ಚಿಕ್ಕದು, ಒಂದು ದೊಡ್ಡದು, ಮತ್ತೆ ಚಿಕ್ಕದು ಎಂದು ಸರದಿಯಲ್ಲಿ ಬರಬೇಕು. 4ರ ಪಕ್ಕ 9 ಮಾತ್ರ ಕೂರಬಲ್ಲದು. ಹಾಗಾಗಿ ಒಂದೇ ಚೌಕದೊಳಗೆ ಗೆರೆ ಮೂರು ಮನೆ ದಾಟಿದರೆ ನಡುವೆ 4 ಇರಲಾರದು, ಇದ್ದರೆ ಎರಡು ಕಡೆಗೂ 9 ಬೇಕಾಗುತ್ತದೆ. 6ಕ್ಕೂ ಇದೇ ಗತಿ, ಅದರ ಜೊತೆಗಾರ 1. ಒಂದು ವಾಕ್ಯದ ನಿಯಮದಿಂದ ಇಷ್ಟೆಲ್ಲ ಬಿಡಿಸುವವರಿಗೆ ತಾವಾಗಿ ಹೊಳೆಯುತ್ತದೆ. ರಚಿಸುವವರು ಗೆರೆಯನ್ನು ಎಲ್ಲಿ ತಿರುಗಿಸಬೇಕೆಂದು ಯೋಚಿಸಿದರಾಯಿತು.

ಒಗಟು ಸಿದ್ಧವಾದ ಮೇಲೆ ಕಂಪ್ಯೂಟರಿಗೆ ಕೊಡುವ ಮೊದಲು ಎರಡು ಪರೀಕ್ಷೆ ಮಾಡಿ. ಎಲ್ಲವೂ ಸ್ಥಾನದ ನಿಯಮಗಳಾದರೆ, ಸುಳಿವಿನಲ್ಲಿ ಕಾಣಿಸದ ಅಂಕಿ ಒಂದಕ್ಕಿಂತ ಹೆಚ್ಚಿರಬಾರದು. ವಿಸ್ಪರ್ಸ್‌ನಂಥ ಅಂತರದ ನಿಯಮವಾದರೆ, ಪ್ರತಿ ಅಂಕಿಯನ್ನೂ 10ರಿಂದ ಕಳೆದು ಬರೆಯಿರಿ: 1 ಇದ್ದಲ್ಲಿ 9, 4 ಇದ್ದಲ್ಲಿ 6. ಅಂತರಗಳು ಹಾಗೆಯೇ ಉಳಿಯುತ್ತವೆ. ಆದ್ದರಿಂದ ಬರೀ ಗೆರೆಗಳಿರುವ ಒಗಟಿಗೆ ಒಂದು ಉತ್ತರವಿದ್ದರೆ ಎರಡನೆಯದೂ ಇದ್ದೇ ಇರುತ್ತದೆ. ಥರ್ಮಾಮೀಟರಿಗೆ ಬುರುಡೆಯ ದಿಕ್ಕಿದೆ, ಈ ಗೆರೆಗೆ ದಿಕ್ಕಿಲ್ಲ. 5ನ್ನು ಬಿಟ್ಟು ಯಾವುದಾದರೊಂದು ಅಂಕಿಯನ್ನು ಕೊಡಲೇಬೇಕು.